ಮಗ್ಗ ನಿಲ್ಲಿಸಿದ ದಿನ

೩ ಜನವರಿ ೨೦೧೧

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಾನು ಯಾರು ಎಂದು ನಿನ್ನ ಫಾರಂ ಕೇಳುತ್ತದೆ. ಬರೆದುಕೋ. ನಾನು ಇಪ್ಪತ್ತನಾಲ್ಕು ಮಗ್ಗಗಳ ಯಜಮಾನಿ. ವಯಸ್ಸು ಎಪ್ಪತ್ತೊಂದು. ಓದಿದ್ದು ಹೈಸ್ಕೂಲು, ಅದನ್ನೂ ಪೂರ್ತಿ ಮುಗಿಸಿದ್ದೇನೆ, ನಡುವೆ ಬಿಟ್ಟವಳಲ್ಲ. ಮೂವತ್ತೊಂದನೆಯ ವಯಸ್ಸಿಗೆ ಗಂಡ ಎದೆನೋವಿನಿಂದ ಹೋದಾಗ ನನ್ನ ಪಾಲಿಗೆ ಉಳಿದದ್ದು ಎರಡು ಹಳೆ ಮಗ್ಗ, ಮೂರು ಮಕ್ಕಳು. ಈಗ ಈ ಬೀದಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ತೀರ್ಮಾನಕ್ಕೆ ನನ್ನ ಬಾಗಿಲಿಗೆ ಬರುತ್ತಾರೆ. ಷೆಡ್ಡಿನ ಐವತ್ತು ಜನ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ ಅದೂ ನನಗೆ ಗೊತ್ತು. ನಲವತ್ತು ವರ್ಷದಲ್ಲಿ, ಕರೆಂಟ್ ಹೋದದ್ದು ಬಿಟ್ಟರೆ, ನನ್ನ ಮಗ್ಗಗಳು ಕೆಲಸದ ದಿನ ಒಮ್ಮೆಯೂ ಒಟ್ಟಿಗೆ ನಿಂತಿಲ್ಲ. ನಿನ್ನ ತಮ್ಮ ಹೋದ ದಿನವೂ ನಿಂತಿಲ್ಲ. ಜನ ಆಡಿಕೊಂಡರು. ಆಡಿಕೊಳ್ಳಲಿ. ಒಪ್ಪಿಕೊಂಡ ಮಾಲು ಹೋಗಬೇಕಿತ್ತು, ಹೋಯಿತು.

ಇನ್ನು ಕೆಳಗಿನ ಪ್ರಶ್ನೆಗಳು. ನಿಮ್ಮ ತಾಯಿ ಯಾವ ರೋಗದಿಂದ ತೀರಿಕೊಂಡರು, ಎಷ್ಟನೆಯ ವಯಸ್ಸಿಗೆ? ಒಡಹುಟ್ಟಿದವರು? ಅವರ ಮಕ್ಕಳು? ನಿಮಗೆ ಎಂದಾದರೂ ಗಡ್ಡೆ ಆಗಿತ್ತೇ? ಹೆಣ್ಣು ಕೇಳಲು ಬಂದವರೂ ಇಷ್ಟು ಕೇಳುವುದಿಲ್ಲ. ನನ್ನ ತಾಯಿ, ಹೆರಿಗೆಯ ನಂಜು. ನನ್ನ ತಂಗಿ, ಜ್ವರ. ನಾನು, ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ತಮ್ಮನದು ನಿನಗೇ ಗೊತ್ತು. ಅದು ಅವನ ಹಣೆಬರಹ, ಮನೆತನದ್ದಲ್ಲ.

ಈ ಫಾರಮ್ಮಿನ ಜೊತೆ ನೀನು ಬರೆದದ್ದು ಎರಡೇ ಸಾಲು. "ಅಮ್ಮ, ಇದನ್ನು ತುಂಬಿ ಕಳಿಸಿ, ಬೇಗ." ಕ್ಷೇಮ ಸಮಾಚಾರವಿಲ್ಲ, ಏಕೆ ಎಂಬ ಮಾತೂ ಇಲ್ಲ. ನಿನ್ನ ಅಣ್ಣನ ಮಗಳಿಗೆ ಸಂಬಂಧ ಕುದುರಿದೆ. ಹುಡುಗನ ಮನೆಯವರದು ಔಷಧಿ ಅಂಗಡಿ, ಮೂರು ತಲೆಮಾರಿನದು. ಜುಲೈಗೆ ಮದುವೆ. ಇಂಥ ಹೊತ್ತಿನಲ್ಲಿ ಇಂಥ ಫಾರಂ ಅರ್ಧ ಅಂಟಿಸಿದ ಲಕೋಟೆಯಲ್ಲಿ ಕಳಿಸುತ್ತಾರೆಯೇ? ಅಂಚೆಯವನ ಕಣ್ಣು ಲಕೋಟೆಯ ಒಳಗೇ ಇರುತ್ತದೆ.

ಫೋನ್ ಮಾಡುತ್ತೇನೆ ಎನ್ನಬೇಡ. ನಲವತ್ತು ವರ್ಷ ಮಗ್ಗದ ಸದ್ದು ಉಂಡ ಕಿವಿ ಇದು. ಫೋನಿನಲ್ಲಿ ನನಗೆ ಕೇಳಿಸುವುದು ಗುಂಯ್ ಎಂಬುದೊಂದೇ. ಅಲ್ಲದೆ ಬಾಯಿಮಾತಿಗೆ ಸಾಕ್ಷಿಯಿಲ್ಲ. ಕಾಗದ ಬರೆ.

ನಿನ್ನ ಅಮ್ಮ


೨೪ ಜನವರಿ ೨೦೧೧

ಅಮ್ಮನವರಿಗೆ ನಮಸ್ಕಾರಗಳು.

ಬೈಗುಳ ತಲುಪಿತು. ಅವಸರದಲ್ಲಿ ಬರೆದದ್ದು ನನ್ನದೇ ತಪ್ಪು. ಈಗ ಕೂತು ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಪಕ್ಕದಲ್ಲಿ ಕೋಶಗಳನ್ನು ಮೈಯ ಬಿಸಿಯಲ್ಲೇ ಬೆಳೆಸುವ ಪೆಟ್ಟಿಗೆ ಬೆಕ್ಕಿನ ಹಾಗೆ ಗುರುಗುಡುತ್ತಿದೆ.

ಹೋದ ಸಲ ಬಂದಾಗ ನೀವು ಕೇಳಿದಿರಿ, "ಇಷ್ಟು ವರ್ಷ ಅಲ್ಲೇನು ಮಾಡ್ತಿದೀಯೇ, ಒಂದು ಮೊಳ ಬಟ್ಟೆನೂ ಹೊರಗೆ ಬಂದಿದ್ದು ಕಾಣೆ" ಎಂದು. ನಾನು ನಕ್ಕುಬಿಟ್ಟೆ. ಇವತ್ತು ಮಗ್ಗದ ಭಾಷೆಯಲ್ಲೇ ಹೇಳುತ್ತೇನೆ.

ನಮ್ಮ ಮಗ್ಗದಲ್ಲಿ ಹಾಸಿನ ಪ್ರತಿ ಎಳೆಯ ಮೇಲೂ ಒಂದು ತೆಳು ತಗಡಿನ ಎಲೆ ಕೂತಿರುತ್ತದಲ್ಲ. ಎಳೆ ಕಡಿದರೆ ಎಲೆ ಬೀಳುತ್ತದೆ, ಎಲೆ ಬಿದ್ದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಯಾರಾದರೂ ಬಂದು ಗಂಟು ಹಾಕಿದ ಮೇಲೇ ಮತ್ತೆ ಓಡುವುದು. ಮೈಯೊಳಗಿನ ಪ್ರತಿ ಜೀವಕೋಶಕ್ಕೂ ಅಂಥದೊಂದು ಎಲೆ ಇದೆ. ಒಂದು ಕೋಶ ಎರಡಾಗುವ ಮೊದಲು ತನ್ನೊಳಗಿನ ಡಿಎನ್‌ಎ ಎಂಬ ನೂಲನ್ನು ಸವರಿ ನೋಡುತ್ತದೆ. ಕಡಿದಿದ್ದರೆ ನಿಂತು ಸರಿಮಾಡಿಕೊಳ್ಳುತ್ತದೆ. ಸರಿಯಾಗದಷ್ಟು ಕೆಟ್ಟಿದ್ದರೆ, ಉಳಿದವರಿಗೆ ಕೇಡಾಗದಿರಲಿ ಎಂದು ತಾನೇ ಸಾಯುತ್ತದೆ. ಕ್ಯಾನ್ಸರ್ ಎಂದರೆ ಎಲೆ ಬೀಳದ ಮಗ್ಗ. ಎಳೆ ಕಡಿದಿದ್ದರೂ ಓಡುತ್ತಲೇ ಇರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ, ಎಲ್ಲರೂ ಎಣ್ಣೆಡಬ್ಬಿ ಎಂದು ಕರೆಯುವ ನಮ್ಮ ಷೆಡ್ಡಿನ ಮೇಸ್ತ್ರಿ, ಏಳನೆಯ ನಂಬರ್ ಮಗ್ಗ ಪದೇ ಪದೇ ನಿಲ್ಲುತ್ತದೆಂದು, ನಿಲ್ಲಿಸುವ ಸರಳನ್ನೇ ದಾರದಿಂದ ಕಟ್ಟಿಬಿಟ್ಟಿದ್ದ. ನೆನಪಿದೆಯೇ? ಎರಡು ಥಾನು ಬಟ್ಟೆ ಉದ್ದಕ್ಕೂ ಒಂದು ಎಳೆಯಿಲ್ಲದೆ ಬಂತು. ಬೆಳಕಿಗೆ ಹಿಡಿದರೆ ಕೊನೆಯಿಲ್ಲದ ಒಂದು ಗೀರು. ಹತ್ತೊಂಬತ್ತು ವರ್ಷದಿಂದ ನಾನು ಆ ಗೀರನ್ನೇ ನೋಡುತ್ತಿದ್ದೇನೆ.

ಈಗ ಫಾರಮ್ಮಿನ ವಿಷಯ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಾದಾಗ ಲ್ಯಾಬಿನವರೇ ಕೊಡುವುದು ಇಲ್ಲಿಯ ರೂಢಿ. ನಾನೂ ಕೊಟ್ಟೆ. ಆ ಎಲೆಯನ್ನು ಮಾಡುವ ಜಾಗದಲ್ಲಿ ಒಂದು ಸಣ್ಣ ವ್ಯತ್ಯಾಸ ಕಂಡಿತು. ಅದು ದೋಷವೋ, ಕೆನ್ನೆಯ ಮೇಲಿನ ಮಚ್ಚೆಯ ಹಾಗೆ ಸುಮ್ಮನೆ ಇರುವ ಗುರುತೋ, ಯಾವ ಯಂತ್ರವೂ ಸದ್ಯಕ್ಕೆ ಹೇಳುವುದಿಲ್ಲ. ಹೇಳುವುದು ಮನೆತನ. ತಮ್ಮನೊಬ್ಬನನ್ನು ನೋಡಿ ಹೇಳಲಾಗದು. ತಾಯಿಯ ಕಡೆಯೂ ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂದವರಿದ್ದರೆ ಅದು ದೋಷ. ಯಾರೂ ಇಲ್ಲದಿದ್ದರೆ ಮಚ್ಚೆ.

ದೋಷವೆಂದಾದರೆ ಅಂಥವರಿಗೆ ಕಿರಣದ ಚಿಕಿತ್ಸೆ ಕೊಡಲು ಡಾಕ್ಟರುಗಳು ಹೆದರುತ್ತಾರೆ. ಕಿರಣದ ಕೆಲಸವೇ ನೂಲು ಕಡಿಯುವುದು. ರೋಗದ ಕೋಶ ಸಾಯುತ್ತದೆ, ಸರಿ. ಪಕ್ಕದ ಒಳ್ಳೆಯ ಕೋಶದ ಎಲೆಯೂ ಹುಟ್ಟಿನಿಂದಲೇ ಸಡಿಲವಾಗಿದ್ದರೆ ಅದು ಕಡಿದ ನೂಲಿನಲ್ಲೇ ನೇಯುತ್ತ ಹೋಗುತ್ತದೆ. ತಮ್ಮನಿಗೆ ಹದಿನೇಳರಲ್ಲಿ ಹೆಗಲಿನ ಗಡ್ಡೆ ತೆಗೆದರು, ಇಪ್ಪತ್ತೈದು ದಿನ ಕಿರಣ ಕೊಟ್ಟರು, ವಾಸಿಯಾಯಿತು ಎಂದರು. ನಾಲ್ಕು ವರ್ಷಕ್ಕೆ ಎರಡನೆಯದು ಬಂದದ್ದು ಕಿರಣ ಬಿದ್ದ ಜಾಗದಲ್ಲೇ, ಗೆರೆ ಎಳೆದ ಹಾಗೆ. ಅಲ್ಲೇ ಏಕೆ? ಈ ಒಂದು ಪ್ರಶ್ನೆಯಿಂದ ನಾನು ಈ ಕೆಲಸಕ್ಕೆ ಬಂದದ್ದು. ಇನ್ನೂ ಅದರಲ್ಲೇ ಇದ್ದೇನೆ.

ಅದಕ್ಕೇ ಕೇಳುತ್ತೇನೆ, ಸಿಟ್ಟಾಗಬೇಡಿ. ಚಿಕ್ಕಮ್ಮ ಹೋದಾಗ ನನಗೆ ಆರು ವರ್ಷ. ಜ್ವರ ಎಂದಿರಿ. ಜ್ವರದವರ ಕೋಣೆಗೆ ಆರು ತಿಂಗಳು ಮಕ್ಕಳನ್ನು ಬಿಡದೇ ಇರುತ್ತಾರೆಯೇ?

ಬೇಸಿಗೆಯಲ್ಲೂ ಶಾಲು ಹೊದ್ದು ಬೆವರುವುದನ್ನು ಈಗಲಾದರೂ ಬಿಟ್ಟಿದ್ದೀರಾ? "ಅಮ್ಮನ ಶಾಲು ಜಾರಿದ್ರೆ ಷೆಡ್ಡು ಬೀಳುತ್ತೆ ಕಣೇ" ಎನ್ನುತ್ತಿದ್ದ ತಮ್ಮ. ನಿನ್ನೆ ಅದು ನೆನಪಾಗಿ ಒಬ್ಬಳೇ ನಕ್ಕೆ.

ನಿಮ್ಮ ಮಗಳು


೯ ಫೆಬ್ರವರಿ ೨೦೧೧

ಮಗಳಿಗೆ ಆಶೀರ್ವಾದಗಳು.

ನಿನ್ನ ಅತ್ತಿಗೆಯ ಕಣ್ಣಿಗೆ ಬೀಳಬಾರದೆಂದು ನಿನ್ನ ಕಾಗದವನ್ನು ಓದಿದ ಕೂಡಲೇ ಒಲೆಗೆ ಹಾಕಿದೆ. ನನಗೆ ಮಗ್ಗದ ಪಾಠ ಹೇಳಿದ್ದೀ. ಮೊಮ್ಮಗು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ಏಳನೆಯ ನಂಬರಿಗೆ ದಾರ ಕಟ್ಟಿದ್ದು ಎಣ್ಣೆಡಬ್ಬಿ. ಅವನಿಗೆ ಅವತ್ತೇ ಎಲ್ಲರೆದುರು ಬೈದಾಗಿದೆ, ಅವನು ತಲೆತಗ್ಗಿಸಿ ಬೈಸಿಕೊಂಡದ್ದೂ ಆಗಿದೆ. ಮೂವತ್ತು ವರ್ಷದ ಹಿಂದಿನ ದಾರವನ್ನು ಈಗ ಯಾಕೆ ಎಳೆಯುತ್ತೀ?

ನೀನು ಮದುವೆ ಬೇಡ ಎಂದೆ, ಸುಮ್ಮನಾದೆ. ದೂರ ಹೋಗುತ್ತೇನೆ ಎಂದೆ, ಪೆಟ್ಟಿಗೆ ಕಟ್ಟಿಕೊಟ್ಟೆ. ನಿನ್ನ ಬುದ್ಧಿಗೆ ನಾನೆಂದೂ ಅಡ್ಡ ಬಂದಿಲ್ಲ. ಆದರೆ ನಿನ್ನ ಬರಹದಲ್ಲಿ ಅಚ್ಚು ಹಾಕಿಸಲು ನನ್ನ ತಂಗಿಯನ್ನು ಕೊಡಲಾರೆ. ಅವಳು ಸತ್ತು ನಲವತ್ತು ವರ್ಷವಾಯಿತು. ಸತ್ತವರನ್ನು ಮಲಗಲು ಬಿಡು.

ಔಷಧಿ ಅಂಗಡಿಯ ಯಜಮಾನ ಮೊನ್ನೆ ಬಂದಿದ್ದ. ಚಹಾ ಬರುವ ಮೊದಲೇ ಶುರುಮಾಡಿದ. "ದೊಡ್ಡಮ್ಮ, ತಪ್ಪು ತಿಳ್ಕೋಬೇಡಿ, ನಿಮ್ಮ ಕಿರಿಮಗ ಹೋಗಿದ್ದು ಯಾವ ಕಾಯಿಲೆಯಿಂದ?" ಎಂದ. "ಕಾಲ ಬಂದಿತ್ತು, ಹೋದ. ನಿಮ್ಮಪ್ಪ ಹೋಗಿದ್ದೂ ಕಾಲ ಬಂದೇ ಅಲ್ವಾ? ನಮ್ಮಲ್ಲಿ ಗಡಿಯಾರ ಸ್ವಲ್ಪ ಮುಂದೆ" ಎಂದೆ. ಬಾಯಿ ಮುಚ್ಚಿ ಚಹಾ ಕುಡಿದ. ನಮ್ಮ ಹುಡುಗಿಗೆ ಇಪ್ಪತ್ತೆರಡು. ಹುಡುಗನ ಹೆಸರು ಕೇಳಿದರೆ ಕಿವಿ ಕೆಂಪಾಗುತ್ತದೆ. ನಿನಗೆ ಸಂಶಯ ಬಂದರೆ ಒಂದು ಬರಹ ನಿಲ್ಲುತ್ತದೆ. ಅವರಿಗೆ ಸಂಶಯ ಬಂದರೆ ಇವಳ ಬಾಳು ನಿಲ್ಲುತ್ತದೆ.

ನಿನಗೆ ಬೇಕಾದದ್ದು ಬರೆದ ಮಾತು ತಾನೆ? ತೆಗೆದುಕೋ. ನಮ್ಮ ಮನೆಯಲ್ಲಿ, ನನ್ನ ತವರಿನಲ್ಲಿ, ನನ್ನ ಕಿರಿಮಗನನ್ನು ಬಿಟ್ಟರೆ, ಆ ರೋಗ ಯಾರಿಗೂ ಇರಲಿಲ್ಲ, ಇಲ್ಲ. ಕೆಳಗೆ ನನ್ನ ಸಹಿ ಇದೆ. ಈ ಸಹಿ ನೋಡಿ ಮಾಲು ಬಿಚ್ಚದೆ ಒಳಗೆ ತೆಗೆದುಕೊಳ್ಳುವ ವ್ಯಾಪಾರಿಗಳಿದ್ದಾರೆ.

ನಿನ್ನ ಅಮ್ಮ


೨೬ ಫೆಬ್ರವರಿ ೨೦೧೧

ಅಮ್ಮನವರಿಗೆ ನಮಸ್ಕಾರಗಳು.

ಕಾಗದ ಬಂತು. ಸಹಿ ಸಾಕು. ಕಡತಕ್ಕೆ ಸೇರಿಸಿದ್ದಾರೆ. ಅದು ಮಚ್ಚೆ ಎಂದೇ ತೀರ್ಮಾನವಾಯಿತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ದಾರಿ ಸುಲಭವಾಗುತ್ತದೆ.

ಚಿಕ್ಕಮ್ಮನ ವಿಷಯ ಎತ್ತಿ ನಿಮಗೆ ನೋವು ಮಾಡಿದೆ. ಕ್ಷಮಿಸಿ.

ಲ್ಯಾಬನ್ನು ಬೇರೆ ಕಟ್ಟಡಕ್ಕೆ ಸಾಗಿಸುತ್ತಿದ್ದಾರೆ. ಒಂದೆರಡು ತಿಂಗಳು ಬರೆಯಲಾಗದಿದ್ದರೆ ಗಾಬರಿಯಾಗಬೇಡಿ. ಹುಡುಗಿಗೆ ನನ್ನ ಆಶೀರ್ವಾದ ಹೇಳಿ.

ನಿಮ್ಮ ಮಗಳು


೨೧ ಏಪ್ರಿಲ್ ೨೦೧೧

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಎರಡು ಕಾಗದ ಬರೆದೆ, ಉತ್ತರವಿಲ್ಲ. ಕಟ್ಟಡ ಬದಲಿಸಲು ಇಷ್ಟು ದಿನವೇ? ನಾನು ಹನ್ನೆರಡು ಮಗ್ಗಗಳನ್ನು ಹಳೆ ಷೆಡ್ಡಿನಿಂದ ಹೊಸದಕ್ಕೆ ಮೂರು ದಿನದಲ್ಲಿ ಸಾಗಿಸಿದವಳು, ಅದೂ ಒಂದೊಂದಾಗಿ, ಉಳಿದವು ಓಡುತ್ತಿರುವಾಗಲೇ.

ಇಲ್ಲಿ ಎಲ್ಲ ಕ್ಷೇಮ. ಮದುವೆ ಜುಲೈ ಹತ್ತಕ್ಕೆ ನಿಗದಿಯಾಗಿದೆ, ಆಷಾಢವೆಂದು ಗೊಣಗುವವರು ಗೊಣಗಲಿ. ಹುಡುಗಿಯ ಬಟ್ಟೆಯನ್ನು ಏಳನೆಯ ನಂಬರಿನಲ್ಲೇ ನೇಯಿಸುತ್ತಿದ್ದೇನೆ. ಎಣ್ಣೆಡಬ್ಬಿ ಮಗ್ಗ ಬಿಟ್ಟು ಕದಲುವುದಿಲ್ಲ. ಎಪ್ಪತ್ತಾದರೂ ಎಲೆ ಬಿದ್ದ ಸದ್ದು ನಮ್ಮೆಲ್ಲರಿಗಿಂತ ಮೊದಲು ಅವನಿಗೇ ಕೇಳುತ್ತದೆ. "ದೊಡ್ಡಮ್ಮ, ನನ್ನ ಹೆಣ ಎತ್ತುವಾಗ ಒಂದು ಎಲೆ ಬೀಳಿಸಿ ನೋಡಿ, ಎದ್ದು ಕೂತ್ಕೋತೀನಿ" ಎಂದ. "ಆಮೇಲೆ ಆ ಹೊತ್ತಿನ ಕೂಲಿನೂ ಕೇಳ್ತೀಯ" ಎಂದೆ. ಷೆಡ್ಡೆಲ್ಲ ನಕ್ಕಿತು.

ನಿನಗೂ ಎಂಟು ಮೊಳ ಬಿಳಿ ಬಟ್ಟೆ ಕಳಿಸಿದ್ದೇನೆ, ಲ್ಯಾಬಿನ ಕೋಟಿಗೆ ಆಗುತ್ತದೆ. ಬೆಳಕಿಗೆ ಹಿಡಿದು ನೋಡು, ಎಲ್ಲೂ ಗೀರಿಲ್ಲ.

ಫೆಬ್ರವರಿಯ ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಏಕೋ ಇಟ್ಟುಕೊಂಡೆ. "ದಾರಿ ಸುಲಭವಾಗುತ್ತದೆ" ಎಂದು ಬರೆದಿದ್ದೀ. ಯಾರ ದಾರಿ?

ನಾಲ್ಕು ಸಾಲಾದರೂ ಬರೆ.

ನಿನ್ನ ಅಮ್ಮ


೧೬ ಮೇ ೨೦೧೧

ಅಮ್ಮನವರಿಗೆ ನಮಸ್ಕಾರಗಳು.

ಬಟ್ಟೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ಗೀರಿಲ್ಲ.

ಅಕ್ಷರ ಕೆಟ್ಟಿದೆ, ಬೈಯಬೇಡಿ. ಮೆಟ್ಟಿಲಲ್ಲಿ ಜಾರಿ ಬಲಗೈ ಉಳುಕಿದೆ. ಭುಜದ ಮಟ್ಟಕ್ಕೆ ಎತ್ತಲಾಗುವುದಿಲ್ಲ, ಬರೆಯುವಾಗ ಸಾಲು ಕೆಳಗೆ ಜಾರುತ್ತದೆ. ದಿನವೂ ಗೋಡೆಯ ಮೇಲೆ ಬೆರಳು ನಡೆಸಿ ಅಭ್ಯಾಸ ಮಾಡುತ್ತಿದ್ದೇನೆ, ಸರಿಹೋಗುತ್ತದೆ.

ಜುಲೈ ಹತ್ತಕ್ಕೆ ಬರಲು ಪ್ರಯತ್ನ ಮಾಡುತ್ತೇನೆ. ಜೂನ್ ಆರು, ಸೋಮವಾರದಿಂದ ಆಸ್ಪತ್ರೆಯ ಕಡೆ ಸ್ವಲ್ಪ ಕೆಲಸವಿದೆ. ವಾರಕ್ಕೆ ಐದು ದಿನ, ಇಪ್ಪತ್ತೈದು ದಿನ. ಜುಲೈ ಎಂಟಕ್ಕೆ ಮುಗಿಯುತ್ತದೆ. ಆದ್ದರಿಂದ ಖಂಡಿತ ಎನ್ನಲಾರೆ.

ನಿನ್ನೆ ಪೆಟ್ಟಿಗೆ ತೆರೆದು ಕೋಶಗಳನ್ನು ನೋಡುತ್ತಿದ್ದೆ. ಒಂದು ಕೋಶ ಎರಡಾಗಲು ಹೊರಟು, ನಡುವೆ ನಿಂತುಬಿಟ್ಟಿತ್ತು. ಎಷ್ಟೋ ಸಾವಿರ ಸಲ ನೋಡಿದ್ದೇನೆ. ನಿನ್ನೆ ಮಾತ್ರ, ಪಾಪ, ಎಷ್ಟು ಒಳ್ಳೆಯದು ನೀನು ಅನ್ನಿಸಿತು.

ಅಮ್ಮಾ, ನೀನು ಚೆನ್ನಾಗಿದ್ದೀಯ ತಾನೆ?

ನಿಮ್ಮ ಮಗಳು


೩ ಜೂನ್ ೨೦೧೧

ಮಗಳೇ,

ಶನಿವಾರ ನೀನು ಫೋನ್ ಕೆಳಗಿಟ್ಟು ಇವತ್ತಿಗೆ ಆರು ದಿನ. ಆಮೇಲೆ ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೂ ಸರಿ. ಬಾಯಿಮಾತಿಗೆ ಸಾಕ್ಷಿಯಿಲ್ಲ ಎಂದವಳು ನಾನೇ, ಆದ್ದರಿಂದ ಅವತ್ತು ಕಿರುಚಿ ಹೇಳಿದ್ದನ್ನು ಇಲ್ಲಿ ಬರೆದು ಕೊಡುತ್ತೇನೆ.

ನಿನ್ನ ಕಾಗದ ಶನಿವಾರ ಬೆಳಿಗ್ಗೆ ಬಂತು. ಬಿಡಿಸಿದ ಕೂಡಲೇ ನಾನು ಓದಲಿಲ್ಲ, ನೋಡಿದೆ. ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಜಾರಿದ್ದವು. ಆ ಬರಹ ನನಗೆ ಗೊತ್ತಿತ್ತು. ಅಟ್ಟದಿಂದ ೧೯೮೩ರ ಷೆಡ್ಡಿನ ಪುಸ್ತಕ ಇಳಿಸಿಕೊಂಡು ನಿನ್ನ ಕಾಗದದ ಪಕ್ಕ ಇಟ್ಟೆ. ಯಾವ ಮಗ್ಗದಲ್ಲಿ ಎಷ್ಟು ಎಳೆ ಕಡಿಯಿತು ಎಂದು ದಿನವೂ ನಾನೇ ಬರೆಯುವ ಪುಸ್ತಕ ಅದು. ಆಗಸ್ಟಿನವರೆಗೆ ನನ್ನ ಸಾಲು ನೂಲು ಹಿಡಿದ ಹಾಗೆ ನೆಟ್ಟಗಿದೆ. ಆಗಸ್ಟಿನಲ್ಲಿ ಹನ್ನೊಂದು ದಿನ ಬರಹವೇ ಇಲ್ಲ. ಅಲ್ಲಿಂದ ಮುಂದೆ ಸಾಲುಗಳು ಬಲಕ್ಕೆ, ಕೆಳಕ್ಕೆ, ನಿನ್ನ ಸಾಲುಗಳ ಹಾಗೆಯೇ.

ಆ ಹನ್ನೊಂದು ದಿನ ನಾನು ನೂಲು ಖರೀದಿಗೆ ಹೋಗಿದ್ದೆ ಎಂದು ನಿಮಗೆಲ್ಲ ಹೇಳಿದ್ದೆ. ನೀನು ಆಗ ಕಾಲೇಜಿನಲ್ಲಿದ್ದೆ. ನಾನು ಹೋಗಿದ್ದು ಆಸ್ಪತ್ರೆಗೆ. ಬಲಗಡೆಯ ಎದೆಯನ್ನು ಪೂರ್ತಿ ತೆಗೆದರು. ಜೊತೆಗೊಬ್ಬರು ಸಹಿ ಹಾಕಬೇಕಿತ್ತು. ಎಣ್ಣೆಡಬ್ಬಿ ನನ್ನ ಒಡಹುಟ್ಟಿದವನೆಂದು ಹೇಳಿ ಹಾಕಿದ. ಇಪ್ಪತ್ತೆಂಟು ವರ್ಷ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ನಾನೂ ಮೂರು ತಿಂಗಳು ಗೋಡೆಯ ಮೇಲೆ ಬೆರಳು ನಡೆಸಿದ್ದೇನೆ, ಮಗಳೇ. ಮೆಟ್ಟಿಲಲ್ಲಿ ಜಾರಿದವರು ಗೋಡೆಯ ಮೇಲೆ ಬೆರಳು ನಡೆಸುವುದಿಲ್ಲ. ವಾರಕ್ಕೆ ಐದು ದಿನ, ಇಪ್ಪತ್ತೈದು ದಿನ ಎಂದರೇನೆಂದು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರಿಲ್ಲ. ನಿನ್ನ ತಮ್ಮನ ಕೈಹಿಡಿದು ಒಂದೊಂದು ದಿನವೂ ಹೋದವಳು ನಾನು.

ನೀನು ನನ್ನಿಂದ ಮುಚ್ಚಿಟ್ಟೆ ಎಂದು ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ ಅದನ್ನು ಯಾರಿಂದ ಕಲಿತೆ ಎಂದು ಹೊಳೆಯಿತು.

ಕಾಗದ ಬರೆದರೆ ಆರನೆಯ ತಾರೀಖಿನ ಒಳಗೆ ತಲುಪುವುದಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಷೆಡ್ಡಿನ ಆಫೀಸು ಕೋಣೆಗೆ ಹೋದೆ, ನಂಬರು ಹಚ್ಚಿಸಿದೆ. ನೀನು ಎತ್ತಿದೆ. "ಅಜ್ಜಿ, ಅತ್ತೆ ಏನಂತಾರೋ ನಂಗೂ ಕೇಳಿಸ್ತಿಲ್ಲ, ಈ ಸದ್ದಲ್ಲಿ" ಎಂದಳು ಹುಡುಗಿ. ನಾನು ಹೊರಗೆ ಹೋದೆ, ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದೆ.

ಇಪ್ಪತ್ತನಾಲ್ಕು ಮಗ್ಗಗಳನ್ನು ಕೈಯಾರೆ ಒಟ್ಟಿಗೆ ನಿಲ್ಲಿಸಿದರೆ ಹೇಗಿರುತ್ತದೆಂದು ನನಗೇ ಗೊತ್ತಿರಲಿಲ್ಲ. ಎಣ್ಣೆಡಬ್ಬಿ ಓಡಿಬಂದ. "ಕರೆಂಟ್ ಹೋಯ್ತಾ ದೊಡ್ಡಮ್ಮ?"

"ಇಲ್ಲ ಕಣೋ. ನಾನೇ ನಿಲ್ಲಿಸ್ದೆ."

ಕಿವುಡರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ನನ್ನ ಎದೆ ತೆಗೆದದ್ದು, ಫೆಬ್ರವರಿಯ ಸಹಿ ಸುಳ್ಳು, ನಿನಗೆ ಕಿರಣ ಬೇಡ, ನೀನು ಕೇಳಿಸಿಕೊಂಡ ಇದೆಲ್ಲವನ್ನೂ ಐವತ್ತು ಜನ ಕೇಳಿಸಿಕೊಂಡರು. ನಿನ್ನ ಅಣ್ಣ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಮದುವೆಯ ಕರೆಯೋಲೆಯ ಕಟ್ಟು. ಹುಡುಗಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅತ್ತೆ ಕೇಳ್ತಿದಾರೆ ಅಜ್ಜಿ. ಚಿಕ್ಕಪ್ಪನ್ನ ಮೊದಲ ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋದ ದಿನ, ಶಾಲು ಹೊದ್ದಿದ್ರಾ ಅಂತ."

"ಹೌದು ಅಂತ ಹೇಳು" ಎಂದೆ. ಅವಳು ಹೇಳಬೇಕಾಗಿರಲಿಲ್ಲ. ನಿನಗೆ ಕೇಳಿಸಿತ್ತು.

"ಕಟ್ ಆಯ್ತು ಅಜ್ಜಿ" ಎಂದಳು.

ಹೊದ್ದಿದ್ದೆ. ಅವತ್ತು ಡಾಕ್ಟರು ಮೊದಲು ಕೇಳಿದ್ದೂ ಮನೆತನವನ್ನೇ. "ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ?" ನಿನ್ನ ತಮ್ಮ ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ನಿನಗೆ ಆಗ ಸಂಬಂಧ ನೋಡುತ್ತಿದ್ದೆವು. ನಾನು ಶಾಲು ಸರಿಮಾಡಿಕೊಂಡು "ಯಾರಿಗೂ ಇಲ್ಲ" ಎಂದೆ. ಆಗಿನ ಕಾಲಕ್ಕೆ ಆ ಡಾಕ್ಟರಿಗೆ ಕಿರಣದ ಈ ಗುಣ ಗೊತ್ತಿತ್ತೋ ಇಲ್ಲವೋ, ನಾನು ನಿಜ ಹೇಳಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ನೀನೇ ಬಲ್ಲೆ. ನೀನು ಬಲ್ಲೆ ಎಂಬುದೇ ನನಗೆ ಶಿಕ್ಷೆ. ಅವರು ಕೇಳಿದ್ದಂತೂ ನಿಜ. ನಾನು ಸುಳ್ಳು ಹೇಳಿದ್ದಂತೂ ನಿಜ. ಹತ್ತೊಂಬತ್ತು ವರ್ಷ ನೀನು ಮೈಕ್ರೋಸ್ಕೋಪಿನ ಕೊಳವೆಯಲ್ಲಿ ಕಣ್ಣಿಟ್ಟು ಹುಡುಕಿದ್ದು ನನ್ನ ಶಾಲಿನ ಒಳಗಿತ್ತು.

ಈಗ ನಿನ್ನ ಫಾರಮ್ಮಿಗೆ ಸರಿಯಾದ ಉತ್ತರ. ನನ್ನ ತಾಯಿ, ಎದೆಯ ಗಡ್ಡೆ, ಮೂವತ್ತಾರನೆಯ ವಯಸ್ಸು. ನನ್ನ ತಂಗಿ, ಅದೇ, ಇಪ್ಪತ್ತೊಂಬತ್ತು. ಹುಣ್ಣಿನ ವಾಸನೆ ಹೊರಗೆ ಬಾರದಿರಲೆಂದು ಬಾಗಿಲು ಮುಚ್ಚಿದ್ದೆ, ಅದಕ್ಕೇ ನಿಮ್ಮನ್ನು ಒಳಗೆ ಬಿಡಲಿಲ್ಲ. ಅವಳು "ಮಕ್ಕಳನ್ನ ಒಂದ್ಸಲ ತೋರ್ಸೇ ಅಕ್ಕ" ಎನ್ನುತ್ತಿದ್ದಳು. ನನ್ನ ಸೋದರಮಾವನ ಮಗ, ಮೂಳೆಯ ಗಡ್ಡೆ, ಹದಿನಾಲ್ಕು. ನಾನು, ನಲವತ್ತಮೂರು. ಏಳನೆಯ ನಂಬರಿನ ಸರಳಿಗೆ ದಾರ ಕಟ್ಟಿದ್ದೂ ಎಣ್ಣೆಡಬ್ಬಿಯಲ್ಲ, ನಾನು. ಮಾಲು ತಡವಾಗುತ್ತಿತ್ತು. ಅವನು ಬೇಡ ಬೇಡ ಎಂದರೂ ಕಟ್ಟಿದೆ. ಬಟ್ಟೆ ವಾಪಸು ಬಂದಾಗ ಎಲ್ಲರೆದುರು ಅವನಿಗೆ ಬೈದೆ. ಇದನ್ನು ಫಾರಂ ಕೇಳುವುದಿಲ್ಲ. ಆದರೂ ಬರೆದುಕೋ.

ಸೋಮವಾರ ನಾನು ಎಣ್ಣೆಡಬ್ಬಿಯ ಜೊತೆ ಬಸ್ಸಿನಲ್ಲಿ ಆ ಹಳೆಯ ಆಸ್ಪತ್ರೆಗೆ ಹೋದೆ. ಮಂಗಳವಾರ ಸಂಜೆಯವರೆಗೆ ಬೆಂಚಿನ ಮೇಲೆ ಕೂತು ೧೯೮೩ರ ನನ್ನ ಕಾಗದ ಹುಡುಕಿಸಿ ತೆಗೆಸಿದೆ. ಅದರ ಪ್ರತಿ ಇದರೊಳಗಿದೆ. ಬುಧವಾರ ಇಲ್ಲಿಯ ಆಸ್ಪತ್ರೆಯಲ್ಲಿ ರಕ್ತ ಕೊಟ್ಟೆ, ನಿನ್ನ ಲ್ಯಾಬಿನ ವಿಳಾಸ ಬರೆಸಿದ್ದೇನೆ. ನಿನ್ನ ಅಣ್ಣನೂ ಕೊಟ್ಟ. ಸೂಜಿ ಚುಚ್ಚುವಾಗ ಅವನು ನನ್ನ ಕಡೆ ನೋಡಲಿಲ್ಲ.

ನಿನ್ನೆ ಔಷಧಿ ಅಂಗಡಿಗೆ ನಾನೇ ನಡೆದು ಹೋದೆ, ಶಾಲಿಲ್ಲದೆ. ಗಿರಾಕಿಗಳಿದ್ದರು, ಇರಲಿ ಎಂದೆ. ಎಲ್ಲ ಹೇಳಿದೆ. ಯಜಮಾನ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. "ಯೋಚ್ನೆ ಮಾಡಿ ಹೇಳ್ತೀವಿ ದೊಡ್ಡಮ್ಮ" ಎಂದ. ಮಾಡಲಿ. ಮನೆಗೆ ಬಂದು ಹುಡುಗಿಗೆ ಹೇಳಿದೆ. ಅವಳು ಅಳಲಿಲ್ಲ. "ಅವ್ರು ಯೋಚ್ನೆ ಮಾಡೋ ಅಷ್ಟ್ರಲ್ಲಿ ನನ್ನ ರಕ್ತಾನೂ ತೋರ್ಸಣ ಅಜ್ಜಿ" ಎಂದಳು. ಈ ಧೈರ್ಯ ಅವಳಿಗೆ ನನ್ನಿಂದ ಬಂದದ್ದಲ್ಲ.

ಈ ಕಾಗದ ಆರನೆಯ ತಾರೀಖಿನೊಳಗೆ ತಲುಪುವುದಿಲ್ಲ, ಆದರೂ ಬರೆಯುತ್ತೇನೆ, ಕಿರಣದ ಕೋಣೆಗೆ ಹೋಗಬೇಡ. ನಿನ್ನ ಡಾಕ್ಟರಿಗೆ ಈ ಕಾಗದ ತೋರಿಸುವ ಮೊದಲೇ ಅವತ್ತು ಕೇಳಿದ್ದನ್ನು ಹೇಳಿರುತ್ತೀ ಎಂದು ನಂಬಿದ್ದೇನೆ. ಫೆಬ್ರವರಿಯಲ್ಲಿ ನಾನು ಹಾಕಿಕೊಟ್ಟ ಸಹಿಯನ್ನು ಕಡತದಿಂದ ತೆಗೆಸು. ಈ ಕಾಗದದ ಕೆಳಗಿನ ಸಹಿಯನ್ನು ಇಡಿಸು. ಕ್ಷಮಿಸು ಎಂದು ಕೇಳುವುದಿಲ್ಲ. ಅವನೂ ಇದ್ದಿದ್ದರೆ ಇಬ್ಬರನ್ನೂ ಒಟ್ಟಿಗೆ ಕೇಳಬಹುದಿತ್ತು. ನಿನ್ನೊಬ್ಬಳನ್ನೇ ಕೇಳಿದರೆ ಅರ್ಧವಾಗುತ್ತದೆ.

ಇನ್ನೊಂದು ಹೇಳುವುದಿದೆ. ಶನಿವಾರ ನೀನು ಫೋನಿಟ್ಟ ಮೇಲಿನ ಮಾತು. ಸ್ವಲ್ಪ ಹೊತ್ತಿಗೆ ಎಣ್ಣೆಡಬ್ಬಿ ಸ್ವಿಚ್ಚಿನ ಹತ್ತಿರ ಹೋಗಿ ನಿಂತ. "ಹಾಕ್ಲಾ ದೊಡ್ಡಮ್ಮ? ಮಾಲು ಸೋಮವಾರ ಹೋಗ್ಬೇಕು" ಎಂದ.

"ಬೇಡ" ಎಂದೆ.

"ಎಷ್ಟೊತ್ತು?"

"ಸಂಜೆವರೆಗೂ."

ಅವನಿಗೆ ಅರ್ಥವಾಯಿತು. ತಲೆಯ ಮೇಲಿನ ಟೋಪಿ ತೆಗೆದ. ಅವನನ್ನು ನೋಡಿ ಉಳಿದವರೂ ಎದ್ದು ನಿಂತರು. ನಿನ್ನ ತಮ್ಮ ಹೋದ ದಿನ ನಿಲ್ಲಿಸದ ಮಗ್ಗಗಳನ್ನು ಅವತ್ತು ಸಂಜೆಯವರೆಗೆ ನಿಲ್ಲಿಸಿದೆ.

ನಿನ್ನ ಅಮ್ಮ